ಟವೆಲ್ ಕೆಳಗಿನ ರೇಟು

ಹೋದ ವಾರ ನಾನು ಒಂದು ಜೊತೆ ಎತ್ತು ಮಾರಿದೆ.

ನಗಬೇಡಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಡಂಗೂ ಎತ್ತಿನ ವ್ಯಾಪಾರಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ, ಗೊತ್ತು. ಸಂತೆಯಲ್ಲಿ ಇದ್ದವರೂ ಅದನ್ನೇ ಕೇಳಿದರು. ಕೆಲವರು ಎದುರಿಗೇ ಕೇಳಿದರು. ಉಳಿದವರು ಕೈಯಲ್ಲಿದ್ದ ಬೀಡಿ ಆರಿದ್ದೂ ಗೊತ್ತಾಗದೆ ನಿಂತು ನೋಡಿದರು.

ಮಾರಿದ್ದು ದೊಡ್ಡ ವಿಷಯವಲ್ಲ. ರೇಟನ್ನು ನಾಲ್ಕು ಜನರಿಗೆ ಕೇಳಿಸುವ ಹಾಗೆ ಬಾಯಿಬಿಟ್ಟು ಹೇಳಿ ಮಾರಿದೆ ನೋಡಿ, ಅದು ದೊಡ್ಡ ವಿಷಯ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಮ್ಮ ಮನೆ ಉಡಿಗಾಲದಲ್ಲಿ. ನನ್ನ ಸ್ಕೂಲು ಹರವೆ ಕಡೆ. ನಮ್ಮವರಿಗೆ ಚಾಮರಾಜನಗರದಲ್ಲಿ ಆಫೀಸು. ಅವರು ಸ್ಕೂಟರ್ ಹತ್ತಿ ಹೋಗುತ್ತಾರೆ, ನಾನು ಬಸ್ಸಿಗೆ ಕಾಯುತ್ತೇನೆ. ಬಸ್ಸು ಬಂದರೆ ಬಂತು. ಬಂದರೂ ನಿಲ್ಲಿಸಿದರೆ ನಿಲ್ಲಿಸಿದ. ಪ್ರೇಯರ್ ಮುಗಿದ ಮೇಲೆ ಸ್ಕೂಲಿನ ಗೇಟು ದಾಟುವ ಟೀಚರಿಗೆ ಎಂಥ ಮರ್ಯಾದೆ ಸಿಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

'ನನಗೊಂದು ಮೊಪೆಡ್ ಬೇಕು' ಅಂತ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದೆ. 'ಆಗ್ಲಿ, ನೋಡನ' ಅನ್ನುತ್ತಿದ್ದರು ನಮ್ಮವರು. (ನಮ್ಮ ಮನೆಯಲ್ಲಿ 'ನೋಡನ' ಅಂದರೆ 'ಇಲ್ಲ' ಅಂತ ಅರ್ಥ. ನಯವಾಗಿ ಹೇಳುವ ರೀತಿ.)

ಸಂಬಳ ತಗೊಳ್ಳಲ್ವಾ ಮೇಡಂ ಅಂತೀರಾ? ತಗೊಳ್ಳುತ್ತೇನೆ. ಸೈನ್ ಹಾಕಿ ತಗೊಳ್ಳುತ್ತೇನೆ, ಸಂಜೆ ತಂದು ನಮ್ಮವರ ಕೈಗೆ ಕೊಡುತ್ತೇನೆ. ಯಾರೂ ಕಿತ್ತುಕೊಳ್ಳುವುದಿಲ್ಲ. ಮದುವೆಯಾದ ಮೊದಲ ತಿಂಗಳು ಹಾಗೆ ಕೊಟ್ಟೆ, ಎರಡನೇ ತಿಂಗಳೂ ಕೊಟ್ಟೆ, ಆಮೇಲೆ ಅದೇ ರೂಢಿಯಾಯಿತು. ನಮ್ಮವರು ಒಳ್ಳೆಯವರು. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. (ಇಷ್ಟಿದ್ದರೆ ನಮ್ಮ ಕಡೆ ಗಂಡಸಿಗೆ ಫಸ್ಟ್ ಕ್ಲಾಸ್ ಗ್ಯಾರಂಟಿ.) ಆದರೆ ಬಸ್ ಚಾರ್ಜಿಗೆ ನಾನು ಅವರನ್ನು ಕೇಳಬೇಕು. ನನ್ನ ಸಂಬಳದಿಂದ ನನಗೆ ಬಸ್ ಚಾರ್ಜು, ಅದನ್ನೂ ಕೇಳಿ ಪಡೆಯಬೇಕು.

ಇಡೀ ಮನೆಯಲ್ಲಿ ನನ್ನದು ಅಂತ ಎಲ್ಲರೂ ಒಪ್ಪುವ ಆಸ್ತಿ ಒಂದೇ. ಅದರ ಹೆಸರು ಕೆಂಪಿ.

ಕೆಂಪಿ ನನ್ನ ಬಳುವಳಿ ಹಸು. ಮದುವೆಯಲ್ಲಿ ನಮ್ಮಪ್ಪ ಗುಂಡ್ಲುಪೇಟೆಯಿಂದ ಕೊಂಬಿಗೆ ಅರಿಶಿನ ಹಚ್ಚಿ ಕೊಟ್ಟು ಕಳಿಸಿದ್ದು. ಬಳುವಳಿ ದನ ಹೆಣ್ಣುಮಗಳದು. ಅದರ ಕರುವೂ ಅವಳದು, ಕರುವಿನ ಕರುವೂ ಅವಳದು. ಅಂಗುಲ ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುವ ಊರಿನಲ್ಲೂ ಈ ಮಾತಿಗೆ ಎರಡಿಲ್ಲ. ಸರ್ಕಾರ ಕೊಡುವ ಸಂಬಳಕ್ಕೆ ಇಲ್ಲದ ಮರ್ಯಾದೆ ಕೆಂಪಿಗೆ ಇದೆ ಅಂದರೆ ನೀವು ನಂಬಬೇಕು.

ಆದರೆ ದನ ನನ್ನದಾದರೂ ಅದನ್ನು ಮಾರುವ ಕೈ ಮಾತ್ರ ನನ್ನದಲ್ಲ.

ದನದ ಸಂತೆಗೆ ಹೋಗಿ ನೋಡಿದ್ದೀರಾ? ಅಲ್ಲಿ ಯಾರೂ ರೇಟು ಹೇಳುವುದಿಲ್ಲ. ಮಾರುವವನು ಕೈ ಚಾಚುತ್ತಾನೆ, ಕೊಳ್ಳುವವನು ಕೈ ಹಿಡಿಯುತ್ತಾನೆ, ಮೇಲೆ ಒಂದು ಟವೆಲ್ ಮುಚ್ಚುತ್ತಾರೆ. ಟವೆಲಿನ ಕೆಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಲೆಕ್ಕ ಮಾಡುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಎಷ್ಟು ಅಂತ ಗೊತ್ತಾಗುವುದಿಲ್ಲ. ಬೆರಳು ಒಪ್ಪಿತು ಅಂದರೆ ಮಾತು ಕೊಟ್ಟ ಹಾಗೆ. ಇನ್ನು ಯೋಚನೆ ಮಾಡಿ: ಟವೆಲ್ ಕೆಳಗೆ ಪರಗಂಡಸಿನ ಕೈಯನ್ನು ಹೆಂಗಸು ಹಿಡಿಯುವುದು ಹೇಗೆ? ಆದ್ದರಿಂದ ದನ ಯಾರದಾದರೂ ಕೈ ಗಂಡನದು. ಅವನು ಮನೆಗೆ ಬಂದು ಎಷ್ಟು ಹೇಳಿದನೋ ಅದೇ ರೇಟು.

ಎರಡು ವರ್ಷದ ಹಿಂದೆ ಕೆಂಪಿಯ ಒಂದು ಕಡಸು ಮಾರಿದೆವು. ನಮ್ಮವರು ಸಂತೆಯಿಂದ ಬಂದು 'ಮೂರು ಸಾವ್ರ' ಅಂದರು. ಒಳ್ಳೇ ಕಡಸು ಅದು, ಗಬ್ಬ ಆಗುವ ವಯಸ್ಸು. 'ಮೂರೇನಾ?' ಅಂದೆ. ಅಷ್ಟೇ ಅಂದದ್ದು.

'ಯಾಕೆ, ನನ್ ಮ್ಯಾಲೆ ನಂಬ್ಕೆ ಇಲ್ವಾ?'

ಮುಗಿಯಿತು. ಈ ಒಂದು ಪ್ರಶ್ನೆಗೆ ಯಾವ ಹೆಂಡತಿಯ ಬಳಿ ಉತ್ತರ ಇದೆ ಹೇಳಿ? ನಂಬಿಕೆ ಇದೆ ಅಂದರೆ ಮತ್ತೆ ಕೇಳುವ ಹಾಗಿಲ್ಲ. ಇಲ್ಲ ಅಂದರೆ ಸಂಸಾರ ಮಾಡುವ ಹಾಗಿಲ್ಲ. ಲೆಕ್ಕ ಕೇಳಿದರೆ ಅನುಮಾನ, ಕೇಳದಿದ್ದರೆ ಪ್ರೀತಿ. ಇದನ್ನು ಯಾರು ಯಾವಾಗ ತೀರ್ಮಾನ ಮಾಡಿದರೋ ನನಗೆ ಗೊತ್ತಿಲ್ಲ. ನನ್ನನ್ನಂತೂ ಕೇಳಲಿಲ್ಲ.

ಈ ವರ್ಷ ಕೆಂಪಿಯ ಎರಡು ಹೋರಿ ಎತ್ತಾಗಿ ನಿಂತಿದ್ದವು. ಒಂದೇ ಬಣ್ಣ, ಒಂದೇ ಎತ್ತರ, ಉಳುಮೆಗೆ ಪಳಗಿದ್ದವು. ನೋಡಿದವರು ಎರಡು ಸಲ ತಿರುಗಿ ನೋಡಬೇಕು. ನಮ್ಮ ಚಾಮರಾಜನಗರವೂ ಮೈಸೂರಿನಿಂದ ಬೇರೆಯಾಗಿ ಈಗ ತನ್ನದೇ ಜಿಲ್ಲೆ ಆಗಿದೆ. ಇನ್ನು ಎಲ್ಲದಕ್ಕೂ ಮೈಸೂರನ್ನು ಕೇಳಬೇಕಾಗಿಲ್ಲ ಅಂತ ಬಸ್ಸಿನಲ್ಲೆಲ್ಲ ಅದೇ ಮಾತು. ಇಡೀ ಜಿಲ್ಲೆಗೆ ಆಗುವುದು ನನಗೊಬ್ಬಳಿಗೆ ಯಾಕಾಗಬಾರದು?

'ಸಂತೆಗೆ ನಾನೂ ಬರುತ್ತೇನೆ' ಅಂದೆ.

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಿದರು. 'ದನದ್ ಸಂತೆಗಾ? ಅಲ್ಲಿಗೆ ಎಂಗಸ್ರು ಬತ್ತಾರ? ಜನ ಏನಂದ್ಕತಾರೆ?'

'ಮೇಡಂ ಎತ್ತು ಮಾರೋಕೆ ಬಂದಿದ್ದಾರೆ ಅಂದ್ಕೋತಾರೆ.'

ಅವರು ಇನ್ನೇನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಹಿತ್ತಲಿನಿಂದ ನಮ್ಮ ಅತ್ತೆಯ ದನಿ ಬಂತು. 'ನಾನೂ ಬತ್ತೀನಿ ಕಣ್ಲಾ ಮಾದೇವ. ನಾನಿಲ್ದೆ ಅವು ಟೆಂಪೋ ಅತ್ತಾಕಿಲ್ಲ.' ಅದು ನಿಜ. ಹುಟ್ಟಿದಾಗಿನಿಂದ ಆ ಜೋಡಿಯನ್ನು ಮೇಯಿಸಿದ್ದು, ತೊಳೆದದ್ದು, ಬೈದದ್ದು ಎಲ್ಲ ಅತ್ತೆಯೇ. ನಾನು ಸಿ.ಎಲ್. ಹಾಕಿದೆ. ಗುಂಡ್ಲುಪೇಟೆ ರಸ್ತೆಯ ಸಂತೆಗೆ ಟೆಂಪೋ ಹೊರಟಿತು. ಮುಂದೆ ಡ್ರೈವರ್ ಪಕ್ಕ ನಾವಿಬ್ಬರು, ಹಿಂದೆ ಎತ್ತುಗಳ ನಡುವೆ ಅತ್ತೆ. ಬೇಡ ಅಂದರೂ ಕೇಳಲಿಲ್ಲ.

ಸಂತೆ ಅಂದರೆ ಧೂಳು, ಸಗಣಿ, ಕೂಗಾಟ. ಆದರೆ ಎತ್ತುಗಳನ್ನು ಇಳಿಸಿದ ಐದೇ ನಿಮಿಷಕ್ಕೆ ಜನ ಸೇರಿದರು. ಒಬ್ಬ ಬೆನ್ನು ಸವರಿದ, ಒಬ್ಬ ಬಾಯಿ ಬಿಡಿಸಿ ಹಲ್ಲು ಎಣಿಸಿದ, ಇನ್ನೊಬ್ಬ ಸುಳಿ ಹುಡುಕಿದ. ನನ್ನ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ, ನನ್ನ ಸ್ಕೂಲಿನ ಮಕ್ಕಳಿಗೆ ರ‍್ಯಾಂಕ್ ಬಂದಿದ್ದರೂ ಇಷ್ಟು ಖುಷಿ ಆಗುತ್ತಿತ್ತೋ ಇಲ್ಲವೋ.

ಒಬ್ಬ ದಲ್ಲಾಳಿ ಬಂದ. ಹೆಗಲ ಮೇಲೆ ಹಸಿರು ಅಂಚಿನ ಟವೆಲ್. ನನ್ನನ್ನು ನೋಡಿ, 'ಅಕ್ಕೋ, ಅಲ್ಲಿ ನೆಳ್ಳಲ್ಲಿ ಕೂತ್ಕಳಿ. ಇಲ್ಲಿ ದೂಳು' ಅಂದ.

'ಪರವಾಗಿಲ್ಲ. ಎತ್ತು ನನ್ನವು. ಇಲ್ಲೇ ಇರುತ್ತೇನೆ.'

ಅವನ ಜೊತೆ ಬಂದಿದ್ದ ವ್ಯಾಪಾರಿ ಯಾವುದೋ ಯೋಚನೆಯಲ್ಲಿ ಇದ್ದ. ಎತ್ತು ನನ್ನವು ಅಂದದ್ದು ಅವನ ಕಿವಿಗೆ ಬಿತ್ತು, ಅಂದವಳು ಯಾರು ಅಂತ ನೋಡಲಿಲ್ಲ. ಅಭ್ಯಾಸಬಲದಿಂದ ಟವೆಲ್ ಮುಚ್ಚಿದ ಕೈಯನ್ನು ನನ್ನ ಕಡೆಗೆ ಚಾಚಿಯೇಬಿಟ್ಟ. ಆಮೇಲೆ ಬಳೆ ಕಂಡಿತು. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. ಸುತ್ತಲಿದ್ದವರು ಗೊಳ್ಳೆಂದರು.

'ಬಾಯಲ್ಲಿ ಹೇಳಿ' ಅಂದೆ.

'ಬಾಯಲ್ಲಾ? ಅದೆಂಗಕ್ಕ ಬಾಯಲ್ಲಿ ಯೋಳದು? ನಾಕ್ ಜನ ಕೇಳಿಸ್ಕತಾರೆ.'

'ಕೇಳಿಸಿಕೊಳ್ಳಲಿ ಅಂತಲೇ.'

ಅವನು ನನ್ನನ್ನು ಬಿಟ್ಟು ನಮ್ಮವರ ಕಡೆ ತಿರುಗಿದ. ಕೈ ಚಾಚಿದ. ನಮ್ಮವರು ನೋಡಿ, ಎಷ್ಟು ವರ್ಷದ ರೂಢಿ ಅದು, ಯಾರೋ ನಮಸ್ಕಾರ ಅಂದಾಗ ನಾವು ನಮಸ್ಕಾರ ಅನ್ನುವುದಿಲ್ಲವೇ, ಹಾಗೆ ಟವೆಲ್ ಕೆಳಗೆ ಕೈ ಕೊಟ್ಟೇಬಿಟ್ಟರು. ಇಬ್ಬರೂ ಆಕಾಶ ನೋಡಿದರು. ನಮ್ಮವರು ತಲೆ ಅಲ್ಲಾಡಿಸಿದರು, ಅವನೂ ಅಲ್ಲಾಡಿಸಿದ. ಮತ್ತೆ ಆಕಾಶ. ಕೊನೆಗೆ ನಮ್ಮವರು 'ಹೂಂ' ಅಂದರು. ಟವೆಲ್ ಸರಿಯಿತು. ವ್ಯಾಪಾರಿ ಅಡ್ವಾನ್ಸಿಗೆ ನೂರರ ಒಂದು ನೋಟನ್ನು ಅವರ ಅಂಗೈಗೆ ಒತ್ತಿ, ಎತ್ತಿನ ಹಗ್ಗಕ್ಕೆ ಕೈ ಹಾಕಿದ.

'ಎಷ್ಟಕ್ಕೆ?' ಅಂದೆ ನಾನು.

'ಆಮ್ಯಾಕೆ ಯೋಳ್ತೀನಿ.'

'ಈಗ ಹೇಳಿ.'

'ಇಲ್ಲಿ ಯೋಳಂಗಿಲ್ಲ ಕಣೆ. ಮಾತ್ ಕೊಟ್ಬುಟ್ಟಿವ್ನಿ. ಸುಮ್ನಿರು, ಜನ ನೋಡ್ತಾವ್ರೆ.'

ಜನ ನಿಜವಾಗಿ ನೋಡುತ್ತಿದ್ದರು. ನಮ್ಮವರ ಹಣೆ ಬೆವರಿತ್ತು. ಕೊಟ್ಟ ಕೈ ವಾಪಸ್ ತಗೊಂಡವನು ಅಂತ ಹೆಸರು ಬಂದರೆ ಅವರು ಇನ್ನೊಮ್ಮೆ ಆ ಸಂತೆಗೆ ಕಾಲಿಡುವ ಹಾಗಿಲ್ಲ. ನನಗೆ ಪಾಪ ಅನ್ನಿಸಿತು. ಹೋಗಲಿ ಬಿಡು, ಎಷ್ಟೋ ಒಂದು, ಮೊಪೆಡ್ ಇನ್ನೊಂದು ವರ್ಷಕ್ಕೆ ನೋಡಿದರಾಯಿತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೀಗೆ ಪಾಪ ಅನ್ನಿಸಿಯೇ ನಾವು ಏನೇನು ಬಿಟ್ಟುಕೊಟ್ಟಿಲ್ಲ? ಕೆಲಸ ಬಿಟ್ಟವರು ಇದ್ದಾರೆ, ಓದು ಬಿಟ್ಟವರು ಇದ್ದಾರೆ.

ಆಗ ಎರಡು ಎತ್ತುಗಳ ಮಧ್ಯದಿಂದ ನಮ್ಮ ಅತ್ತೆ ಈಚೆಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

'ಏನ್ಲಾ ಮಾದೇವ, ಯಾರ್ ದನುಕ್ಕೆ ಯಾರ್ಲಾ ಕೈ ಕೊಟ್ಟದ್ದು?'

ನಮ್ಮವರು 'ಅವ್ವ, ನೀ ಸುಮ್ಕಿರು' ಅಂದರು.

'ನಾನ್ ಯಾಕ್ಲಾ ಸುಮ್ಕಿರ್ಲಿ? ಕೇಳ್ರಪ್ಪ ಎಲ್ರೂವೆ. ಇವು ಬಳುವಳಿ ದನ. ನನ್ ಸೊಸೆ ತವರಿಂದ ತಂದ ಅಸುಕ್ಕೆ ಉಟ್ಟಿದವು. ಇವನ್ ಕೈಗೆ ಇಲ್ಲಿ ಬೆಲೆ ಇಲ್ಲ. ಅವಳು ಊಂ ಅನ್ಬೇಕು, ಆಗ ಯಾಪಾರ.'

ದಲ್ಲಾಳಿ ಒಮ್ಮೆ ಕೆಮ್ಮಿದ. ವ್ಯಾಪಾರಿ ಹಗ್ಗ ಬಿಟ್ಟ. 'ಬಳುವಳಿ ದನ್ವಾ? ಮೊದ್ಲೇ ಯೋಳದಲ್ವಾ ಸಾಮಿ' ಅಂತ ನಮ್ಮವರ ಅಂಗೈಯಿಂದ ತನ್ನ ನೋಟನ್ನು ತಾನೇ ತಗೊಂಡ. ಕೋಪ ಇಲ್ಲ, ಜಗಳ ಇಲ್ಲ. ಕೊಟ್ಟ ಮಾತು ತಪ್ಪಿತು ಅಂತ ಯಾರೂ ಅನ್ನಲಿಲ್ಲ. ತಮ್ಮದಲ್ಲದ ದನಕ್ಕೆ ಕೊಟ್ಟ ಕೈ ಕೈಯೇ ಅಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ಟವೆಲಿಗಿಂತ ಬಳುವಳಿ ದೊಡ್ಡದು. ನೋಡಿ, ನಾನು ಸಂವಿಧಾನ ಪಾಠ ಮಾಡುವವಳು, ಹಕ್ಕು ಅಂದರೇನು ಅಂತ ಬೋರ್ಡಿನ ಮೇಲೆ ಬರೆಯುವವಳು. ನನಗೆ ಇದು ಹೊಳೆದಿರಲಿಲ್ಲ.

'ಯೋಳಮ್ಮಿ. ನಿನ್ ರೇಟು ನೀನೇ ಯೋಳು' ಅಂದರು ಅತ್ತೆ.

ಕೊನೆಯ ಬೆಂಚಿನ ಹುಡುಗರನ್ನು ಎಬ್ಬಿಸುವ ಗಂಟಲು ನನ್ನದು. ನಾನೂ ಅತ್ತೆಯ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದೆ. 'ಹದಿನೈದು ಸಾವಿರ!'

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಆಚೆ ಸಾಲಿನಲ್ಲಿ ಟೀ ಕುಡಿಯುತ್ತಿದ್ದವರೂ ತಿರುಗಿದರು.

ಯಾರೋ ನಕ್ಕರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ರೇಟು ಬಾಯಲ್ಲಿ ಹೇಳಲು ಆ ಗಂಡಸರಿಗೆ ಎಂಥ ನಾಚಿಕೆ ಅಂತೀರಿ! ಕೊನೆಗೆ ಒಬ್ಬ ರೈತ, ಪಾಪ, ನೆಲ ನೋಡಿಕೊಂಡು ಮೆತ್ತಗೆ, 'ಅನ್ನೊಂದ್ ಸಾವ್ರ ಕೊಟ್ಟೇನು ಕಣಕ್ಕ' ಅಂದ.

ನಮ್ಮವರ ಮುಖ ನೋಡಬೇಕಿತ್ತು. ಟವೆಲ್ ಕೆಳಗೆ ಅವರು ಒಪ್ಪಿದ್ದು ಒಂಬತ್ತಕ್ಕೆ.

ಹನ್ನೊಂದು ಅಂದದ್ದು ಕೇಳಿಸಿದ್ದೇ ತಡ ಇನ್ನೊಬ್ಬ ಹನ್ನೊಂದೂವರೆ ಅಂದ. ಮೊದಲಿನ ವ್ಯಾಪಾರಿಗೂ ರೋಷ ಬಂತು. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು 'ಅನ್ನೆಲ್ಡು!' ಅಂತ ಕೂಗಿದ. ಅಷ್ಟರ ಮೇಲೆ ಏನಾಯಿತು ಗೊತ್ತಾ? ಅಲ್ಲಿಯವರೆಗೆ ಕಂಬದ ಹಾಗೆ ನಿಂತಿದ್ದ ನಮ್ಮವರಿಗೆ ಆವೇಶ ಬಂದುಬಿಟ್ಟಿತು. ಎತ್ತಿನ ಬಾಯಿ ಬಿಡಿಸಿ ಹಲ್ಲು ತೋರಿಸುತ್ತಾ, 'ಅನ್ನೆಲ್ಡಂತೆ ಅನ್ನೆಲ್ಡು! ಕಣ್ಬುಟ್ಟು ನೋಡ್ರಯ್ಯ, ಜೋಡಿ ಅಂದ್ರೆ ಇದು! ನಮ್ಮಟ್ಟಿ ಮೇಡಂ ಅದ್ನೈದು ಅಂದವ್ರೆ, ಸುಮ್ನೆ ಅಂದಾರ?' ಅಂತ ಶುರು ಮಾಡಿದರು. ಆಫೀಸಿನಲ್ಲಿ ಸಾಹೇಬರ ಮುಂದೆ ಎರಡು ಮಾತಾಡದ ಮನುಷ್ಯ. ಅವರ ಗಂಟಲು ಅಷ್ಟು ದೊಡ್ಡದು ಅಂತ ನನಗೆ ಅವತ್ತೇ ಗೊತ್ತಾದದ್ದು.

ಹದಿಮೂರೂವರೆಗೆ ಹೋಯಿತು. ಮೊದಲು ಬಾಯಿ ತೆರೆದ ಆ ರೈತನೇ ತಗೊಂಡ. ದುಡ್ಡನ್ನು ನಮ್ಮವರ ಕಡೆ ಚಾಚಿದವನು ತಡೆದು, ತಿರುಗಿ, ನನ್ನ ಕೈಗೆ ಕೊಟ್ಟ. 'ಬಾಯಲ್ಲಿ ಯಾಪಾರ ಮಾಡಿದ್ದು ಇದೇ ಮೊದ್ಲು ಕಣಕ್ಕ. ಒಸಿ ನಾಚ್ಕೆ ಆಯ್ತು. ಆದ್ರೆ ದಲ್ಲಾಳಿ ದುಡ್ಡು ಉಳೀತು ನೋಡು' ಅಂತ ನಕ್ಕ. ಅತ್ತೆ ಎತ್ತುಗಳ ಗಂಗೆದೊಗಲು ಸವರಿ, 'ಚೆನ್ನಾಗಿ ಮೇಯ್ಸಪ್ಪ' ಅಂದರು. ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ.

ವಾಪಸ್ ಬರುವಾಗ ಮೂವರೂ ಟೆಂಪೋದ ಹಿಂದೆ ಹುಲ್ಲಿನ ಮೇಲೆ ಕೂತೆವು. ನಮ್ಮವರು ಒಂದು ಹುಲ್ಲುಕಡ್ಡಿ ಎಳೆದು ಬೆರಳಿಗೆ ಸುತ್ತಿದರು. ಆಮೇಲೆ, ಯಾರ ಮುಖವನ್ನೂ ನೋಡದೆ ಹೇಳಿದರು.

'ಆ ಕಡಸು ನಾಕೂವರೆಗೆ ಓಗಿತ್ತು ಕಣೆ.'

ನಾನು ಅವರ ಕಡೆ ತಿರುಗಿದೆ.

'ತಮ್ಮಂದು ಬಾವಿ ಮೋಟ್ರು ಸುಟ್ಟೋಗಿತ್ತು ಆವಾಗ. ಒಂದೂವರೆ ಅವನಿಗ್ ಕೊಟ್ಟೆ.'

'ಕೇಳಿದ್ದರೆ ನಾನು ಕೊಡ್ತಿರಲಿಲ್ಲವಾ?'

'ಕೊಡ್ತಿದ್ದೆ. ನಂಗ್ ಗೊತ್ತು. ಆದ್ರೆ ಕೇಳ್ಬೇಕಿತ್ತಲ್ಲ ನಿನ್ನ.' ಹುಲ್ಲುಕಡ್ಡಿ ಮುರಿದರು. 'ಕೇಳದು ಬಲ್ ಕಷ್ಟ ಕಣೆ.'

ನನಗೆ ಸಿಟ್ಟು ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದಾಗ ದನಿ ಹೇಗೆ ಇರುತ್ತದೋ ಆ ದನಿಯಲ್ಲೇ ಕೇಳಿದೆ. 'ತಿಂಗಳು ತಿಂಗಳು ನಾನು ಕೇಳ್ತೀನಲ್ಲ ರೀ, ಬಸ್ ಚಾರ್ಜಿಗೆ? ಅದು ಸುಲಭ ಅಂದ್ಕೊಂಡಿದ್ರಾ?'

ನಿಜವಾಗಿಯೂ ಆ ಯೋಚನೆ ಅವರಿಗೆ ಬಂದೇ ಇರಲಿಲ್ಲ. ಕೆಟ್ಟವರಾಗಿದ್ದರೆ ಬಂದಿರುತ್ತಿತ್ತೋ ಏನೋ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುತ್ತಲೇ ನನಗೆ ಹೇಳಿದರು. 'ನಾನೂ ಒಂದು ಅಸ ತಂದಿದ್ದೆ ಕಣಮ್ಮಿ ತವರಿಂದ. ಬೆಳ್ಳಗಿತ್ತು. ನಿಮ್ಮಾವ ಇದೇ ಸಂತೇಲಿ ಮಾರ್ಬುಟ್ರು. ಎಷ್ಟುಕ್ಕೆ ಅಂದೆ. ನಿಂಗ್ಯಾಕೆ ಅಂದ್ರು. ಸಾಯಗಂಟ ಯೋಳ್ನಿಲ್ಲ. ಬಾಳ ಒಳ್ಳೆವ್ರು ಕಣಮ್ಮಿ, ಅದೊಂದ್ ಬುಟ್ರೆ. ಇವತ್ಗೂ ಆ ಅಸ ಎಷ್ಟುಕ್ಕೋಯ್ತೋ ಅಂತ ಒಂದೊಂದ್ಸಾರಿ ಅನ್ನುಸ್ತದೆ.'

ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ. ಅವರಿಗೆ ಹಾಗೆ ಕೈ ಹಿಡಿಸಿಕೊಂಡು ಅಭ್ಯಾಸವಿಲ್ಲ. ಆದರೂ ಬಿಡಿಸಿಕೊಳ್ಳಲಿಲ್ಲ.

ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೆಲ್ಲಗೆ ಒಬ್ಬೊಬ್ಬರದೂ ಈಚೆಗೆ ಬಂತು. ಒಬ್ಬರ ಗಂಡನ ಸಂಬಳ ಎಷ್ಟು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬರು ಸೀರೆಯ ರೇಟನ್ನು ಮನೆಯಲ್ಲಿ ಯಾವತ್ತೂ ಅರ್ಧವೇ ಹೇಳುವುದು. (ನಮ್ಮ ಸೆರಗೇನು ಕಡಿಮೆಯೇ? ಅದರ ಕೆಳಗೂ ಬೇಕಾದಷ್ಟು ಬೆರಳು ಆಡುತ್ತವೆ.) ಗಂಡ ತನ್ನ ತಮ್ಮನಿಗೆ ಕೊಟ್ಟದ್ದನ್ನು ಮುಚ್ಚಿಡುತ್ತಾನೆ, ಹೆಂಡತಿ ತನ್ನ ತಂಗಿಗೆ ಕೊಟ್ಟದ್ದನ್ನು ಮುಚ್ಚಿಡುತ್ತಾಳೆ. ಇಬ್ಬರೂ ಕೊಟ್ಟದ್ದು ಒಳ್ಳೆಯ ಕೆಲಸಕ್ಕೇ. ಹಾಗಾದರೆ ಮುಚ್ಚಿದ್ದು ಯಾಕೆ? ಕೇಳುವುದು ಕಷ್ಟ ಅಂತ. ಕೇಳಿದರೆ ನಾನು ಸಣ್ಣವನಾಗುತ್ತೇನೆ, ಸಣ್ಣವಳಾಗುತ್ತೇನೆ ಅಂತ.

ಮೊನ್ನೆ ಚಾಮರಾಜನಗರಕ್ಕೆ ಹೋಗಿ ಮೊಪೆಡ್ ತಂದೆ. ಎತ್ತಿನ ದುಡ್ಡಿಗೆ ಸ್ವಲ್ಪ ಕಡಿಮೆ ಬಿತ್ತು. ಈ ತಿಂಗಳ ಸಂಬಳದಿಂದ ಹಾಕುತ್ತಿದ್ದೇನೆ ಅಂತ ನಮ್ಮವರಿಗೆ ಹೇಳಿದೆ. ಗಮನಿಸಿ, ಕೇಳಲಿಲ್ಲ, ಹೇಳಿದೆ. 'ನೋಡನ' ಅನ್ನುವುದಕ್ಕೆ ಅವರು ಬಾಯಿ ತೆರೆದರು. ಅತ್ತೆ ಒಂದು ಸಲ ಕೆಮ್ಮಿದರು. ಅವರು 'ಆಗ್ಲಿ' ಅಂದರು.

ಅಂಗಡಿಯವನು ನಮ್ಮವರನ್ನು ಕೇಳಿದ: 'ಯಾವ ಕಲರ್ ಕೊಡಲಿ ಸರ್?'

'ಗಾಡಿ ಅವ್ರುದು. ನನ್ನೇನ್ ಕೇಳೀರಿ?' ಅಂದರು ನಮ್ಮವರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಂತೆಯ ಆ ಆವೇಶ ಸ್ವಲ್ಪ ಉಳಿದಿತ್ತು. ನಾನು ಕೆಂಪು ಅಂದೆ. ಮತ್ತೆ ಯಾವ ಬಣ್ಣ?

ಹಿಂದಿನ ಸೀಟಿಗೆ ಮೊದಲು ಹತ್ತಿದ್ದು ಅತ್ತೆ. ಒಂದು ಕೈಯಲ್ಲಿ ನನ್ನ ಸೊಂಟ, ಇನ್ನೊಂದರಲ್ಲಿ ಎಲೆಯಡಿಕೆ ಚೀಲ. ಉಡಿಗಾಲದ ಬೀದಿಯ ಎರಡೂ ಕಡೆ ಜಗಲಿ ತುಂಬ ಜನ. 'ಜೋರಾಗ್ ಬುಡಮ್ಮಿ, ಎಲ್ರೂ ನೋಡ್ಲಿ' ಅಂದರು. ಬಿಟ್ಟೆ. ಹರವೆ ರಸ್ತೆಯಲ್ಲಿ ನಾನು ದಿನಾ ಕಾಯುತ್ತಿದ್ದ ಬಸ್ಸು ಎದುರಿಗೆ ಬಂತು. ಡ್ರೈವರ್ ಹಾರ್ನ್ ಹೊಡೆದ. ನಾನೂ ಹೊಡೆದೆ!

ನಿನ್ನೆ ಸಂಜೆ ಇನ್ನೊಂದು ನಡೆಯಿತು. ಅಡುಗೆಮನೆಯ ಬಾಗಿಲಲ್ಲಿ ನಮ್ಮವರು ಬಂದು ನಿಂತರು. ಕಾಲು ಬದಲಿಸಿದರು, ಬಾಗಿಲ ಚಿಲಕ ಮುಟ್ಟಿದರು. ಅವರ ಅವ್ವ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

'ಒಂದೈನೂರು ಬೇಕಾಗಿತ್ತು ಕಣೆ. ತಮ್ಮನ್ ಮಗೀಗೆ ಸ್ಕೂಲ್ ಬಟ್ಟೆ ತಗೀಬೇಕು' ಅಂದರು. ಬಾಯಿಬಿಟ್ಟು, ಅವ್ವನ ಎದುರಿಗೇ. ಕಿವಿ ಕೆಂಪಾಗಿದ್ದವು. ಆದರೆ ಮನುಷ್ಯ ಸಾಯಲಿಲ್ಲ, ಸಣ್ಣವನೂ ಆಗಲಿಲ್ಲ. ನನ್ನ ಕಣ್ಣಿಗಂತೂ ಒಂದು ಗೇಣು ಎತ್ತರ ಕಂಡರು. ಸಂಬಳದಲ್ಲಿ ಉಳಿದದ್ದು ಈ ಸಲ ನನ್ನ ಹತ್ತಿರವೇ ಇತ್ತು, ತಕ್ಷಣ ಕೊಟ್ಟೆ.

ನಮ್ಮ ಮನೆಯ ಟವೆಲ್ ಈಗ ಹಗ್ಗದ ಮೇಲೆ ಬಿಸಿಲಿಗೆ ಒಣಗುತ್ತಿದೆ. ನಿಮ್ಮ ಮನೆಯದು ಯಾರ ಕೈ ಮೇಲಿದೆ?